ಸಿದ್ದಬಸಪ್ಪನವರಿಗೆ ಚಳಿ ಮಂಜೂರಾದದ್ದು

ಮಂಟಿಕೊಪ್ಪಲಿನ ಸಿದ್ದಬಸಪ್ಪನವರು ಸುಳ್ಳು ಹೇಳುವವರಲ್ಲ. ಹಾಗಂತ ನೇರವಾಗಿ ಹೇಳುವವರೂ ಅಲ್ಲ. ಇವೆರಡರ ನಡುವೆ ಮಂಜು ಮುಸುಕಿದ ಒಂದು ಪ್ರದೇಶವಿದೆ. ಅವರು ಐವತ್ತೆಂಟು ವರ್ಷಗಳಿಂದ ವಾಸವಾಗಿರುವುದು ಅಲ್ಲಿ.

ಅವರ ಇನ್ನೊಂದು ಮನೆ, ಅಂದರೆ ಕಂದಾಯ ಕಟ್ಟುವ ಮನೆ, ಹಾರಂಗಿ ಹಿನ್ನೀರಿಗೆ ಕೂಗಳತೆಯಲ್ಲಿದೆ. ಮೇಲೆ ಸಿಮೆಂಟ್ ಶೀಟು. ಚೈತ್ರದಲ್ಲಿ ಆ ಮನೆ ರೊಟ್ಟಿಯ ಕಾವಲಿ, ಪುಷ್ಯದಲ್ಲಿ ಫ್ರಿಜ್ಜು. ಜನವರಿಯ ಬೆಳಗಿನಲ್ಲಿ ಹಿನ್ನೀರಿನಿಂದ ಎದ್ದ ಮಂಜು ನೇರವಾಗಿ ಬಂದು, ಶೀಟಿನ ಸಂದಿಯಲ್ಲಿ ಇಳಿದು, ನೆಂಟರ ಹಾಗೆ ನಡುಮನೆಯಲ್ಲಿ ಕೂತುಬಿಡುತ್ತದೆ. ಸಿದ್ದಬಸಪ್ಪನವರಿಗೆ ಅದರ ಮೇಲೇನೂ ಕೋಪವಿಲ್ಲ. ಅವರು ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತು ಮಂಜನ್ನು ನೋಡುತ್ತ ನೋಡುತ್ತ ಕಣ್ಣು ಮುಚ್ಚುತ್ತಾರೆ. ಕುಶಾಲನಗರದ ಶುಂಠಿ ಮಂಡಿಯಲ್ಲಿ ಅವರು ತೂಕ ಬರೆಯುವವರು. ಅಲ್ಲಿಯೂ ಎರಡು ಮೂಟೆಗಳ ನಡುವೆ ಒಂದು ಸಣ್ಣ ನಿದ್ದೆ ತೆಗೆಯುತ್ತಾರೆಂದು ಪ್ರತೀತಿ.

ತೊಂದರೆಯಿದ್ದದ್ದು ಅವರ ಹೆಂಡತಿ ಮಹಾದೇವಮ್ಮನವರಿಗೆ. ಆಕೆ ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದರು. ಈ ಎರಡು ವರ್ಷದಿಂದ ಚಳಿಗಾಲ ಬಂತೆಂದರೆ ಬೆರಳಿನ ಗಂಟುಗಳು ಹಿಡಿದುಕೊಂಡು, ಹತ್ತು ಗಂಟೆಯವರೆಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅವರ ತಮ್ಮ ಪ್ರಸಾದ್ ಕುಶಾಲನಗರದಿಂದ ಒಂದು ಕರೆಂಟ್ ಹೀಟರು ತಂದುಕೊಟ್ಟಿದ್ದ. ಒಂದು ತಿಂಗಳು ಉರಿಸಿದರು. ಬೆರಳು ಸಡಿಲವಾಯಿತು, ಬಿಲ್ಲು ಬಿಗಿಯಾಯಿತು. ಹೀಟರು ಮಂಚದ ಕೆಳಗೆ ಹೋಯಿತು.

“ಊರಿಗೆಲ್ಲ ಫ್ರೀ ಕರೆಂಟು ಬರುತ್ತಲ್ರೀ, ನಾವೂ ಹೆಸರು ಬರೆಸಬಾರದಾ?” ಎಂದು ಮಹಾದೇವಮ್ಮ ಕೇಳದ ತಿಂಗಳಿಲ್ಲ.

ಬರೆಸಬಹುದಿತ್ತು. ಆದರೆ ಗೃಹಜ್ಯೋತಿ ಬಂದ ಹೊಸತರಲ್ಲಿ, ಊರೆಲ್ಲ ಆಧಾರ್ ಕಾರ್ಡು ಹಿಡಿದು ಸಾಲು ನಿಂತಿದ್ದಾಗ, ಸಿದ್ದಬಸಪ್ಪನವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಲೋಟ ಎತ್ತಿ ಹಿಡಿದು ಒಂದು ಮಾತು ಆಡಿಬಿಟ್ಟಿದ್ದರು: “ಬಿಟ್ಟಿ ಕರೆಂಟಿನ ಬೆಳಕಲ್ಲಿ ನನಗೆ ನಿದ್ದೆ ಹತ್ತೋದಿಲ್ಲಪ್ಪ.” ಯಾವ ಬೆಳಕಿನಲ್ಲೂ, ಯಾವ ಗದ್ದಲದಲ್ಲೂ ಮಲಗಬಲ್ಲ ಮನುಷ್ಯ ಹಾಗೆ ಹೇಳಿದ್ದರಿಂದ ಹೋಟೆಲಿಗೆ ಹೋಟೆಲೇ ಗಂಭೀರವಾಯಿತು. ಪಕ್ಕದ ಮನೆಯ ಸಣ್ಣಸ್ವಾಮಿ ಎದ್ದು ನಿಂತು ಕೈ ಮುಗಿದಿದ್ದ. ಮುಗಿಸಿಕೊಂಡ ಆ ಕೈಯನ್ನು ವಾಪಸು ಕೊಡುವುದು ಹೇಗೆ?

ಹೀಗಿರುವಾಗ ಜನವರಿಯ ಮೊದಲ ಭಾನುವಾರ ಪ್ರಸಾದ್ ಬಂದವನು ಮೊಬೈಲಿನಲ್ಲಿ ಕಂಡ ಸಂಗತಿಯೊಂದನ್ನು ಹೇಳಿದ. “ಭಾವ, ಹೊರದೇಶದಲ್ಲಿ ಚಳಿಗಾಲಕ್ಕೆ ಮನೆ ಬಿಸಿ ಮಾಡ್ಕೊಳಕ್ಕೆ, ಬೇಸಿಗೆಗೆ ತಣ್ಣಗೆ ಮಾಡ್ಕೊಳಕ್ಕೆ ಅಂತ ಸರ್ಕಾರವೇ ಸಹಾಯ ಮಾಡುತ್ತಂತೆ. ಅರ್ಜಿ ಹಾಕಿದ್ರೆ ಸಾಕಂತೆ.”

“ಬಿಟ್ಟಿಯಾ?”

“ಬಿಟ್ಟಿ ಅನ್ನಲ್ಲ ಭಾವ. ಪರಿಹಾರ ಅಂತಾರೆ.”

ಪರಿಹಾರ! ಸಿದ್ದಬಸಪ್ಪನವರ ಕಣ್ಣು ಅರ್ಧ ಮುಚ್ಚಿತು. ಬಿಟ್ಟಿ ಬೇರೆ, ಪರಿಹಾರ ಬೇರೆ. ಮೊದಲನೆಯದಕ್ಕೆ ಸಾಲು ನಿಲ್ಲಬೇಕು. ಎರಡನೆಯದನ್ನು ಸರ್ಕಾರದವರೇ ಹುಡುಕಿಕೊಂಡು ಬಂದು ಕೊಡುತ್ತಾರೆ. ಅಂದು ಮಧ್ಯಾಹ್ನ ಅವರಿಗೆ ಒಂದು ಕನಸು ಬಿತ್ತು. ವಿಧಾನಸೌಧವು ದೊಡ್ಡದೊಂದು ಬಚ್ಚಲುಮನೆಯ ಹಂಡೆಯಾಗಿತ್ತು. ಅದರ ಬಾಯಿಂದ ಬೆಚ್ಚನೆಯ ಹಬೆ ಏಳುತ್ತ, ಮೈಸೂರು ದಾಟಿ, ಪಿರಿಯಾಪಟ್ಟಣ ದಾಟಿ, ಕಾವೇರಿಯ ಸೇತುವೆಯ ಮೇಲೆ ತಿರುಗಿ, ವಿಳಾಸ ಕೇಳಿಕೊಂಡು ಮಂಟಿಕೊಪ್ಪಲಿಗೆ ಬರುತ್ತಿತ್ತು.

ಎದ್ದವರೇ ಅರ್ಜಿ ಬರೆಯಲು ಕೂತರು. ಎಲ್ಲಿಯೂ ‘ಕರೆಂಟು’ ಎಂಬ ಮಾತು ಬರಬಾರದು, ‘ಬಿಲ್ಲು’ ಬರಬಾರದು, ‘ಉಚಿತ’ ಅಂತೂ ಬರಲೇಬಾರದು. ಹೋಟೆಲಿನವರ ಕೈಗೆ ಸಿಕ್ಕರೂ ಮಾನ ಉಳಿಯಬೇಕು. ಸಂಜೆಯವರೆಗೆ ತಿದ್ದಿ ತೀಡಿ ಬರೆದದ್ದು ಹೀಗಿತ್ತು:

“ಮಾನ್ಯರೇ, ನಮ್ಮ ಮನೆಯನ್ನು ಚಳಿ ಹಿಡಿದಿದೆ. ಮೈ ಗಡಗಡನೆ ನಡುಗುತ್ತದೆ. ಅದು ಬಿಟ್ಟಿತೆನ್ನುವಷ್ಟರಲ್ಲಿ ಕಾವು ಏರಿ ಬೆವರು ಧಾರಾಕಾರವಾಗಿ ಸುರಿಯುತ್ತದೆ. ಕಾವು ಇಳಿಯಿತೆಂದು ಸಮಾಧಾನಪಡುವಷ್ಟರಲ್ಲಿ ಪುನಃ ಚಳಿ. ಈ ಚಕ್ರಕ್ಕೆ ಕೊನೆಯಿಲ್ಲ. ಮನೆಯಾಕೆಯ ಗಂಟುಗಳು ಹಿಡಿದುಕೊಂಡಿವೆ. ಅಕ್ಕಪಕ್ಕದ ಮನೆಗಳಲ್ಲೂ ಇದೇ ಸ್ಥಿತಿ; ಹೇಳಿಕೊಳ್ಳಲು ಸಂಕೋಚಪಡುತ್ತಿದ್ದಾರೆ. ತಾವು ಕೂಡಲೇ ಧಾವಿಸಿ ಪರಿಹಾರ ಒದಗಿಸಬೇಕೆಂದು ಪ್ರಾರ್ಥನೆ.”

ಈ ಅರ್ಜಿಯನ್ನು ಅವರು ಒಂದು ಕಚೇರಿಯಲ್ಲಿ ಕೊಟ್ಟರು. ಯಾವುದೆಂದು ಹೇಳಿದರೆ ಅಲ್ಲಿನವರು ಬೇಸರ ಮಾಡಿಕೊಂಡಾರು. ಮೇಜಿನ ಹಿಂದಿದ್ದವರು ಒಮ್ಮೆ ಓದಿ, ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡರು.

“ಎಷ್ಟು ಜನ ಇದೀರಿ ಮನೇಲಿ?”

“ಇಬ್ಬರು ಸ್ವಾಮಿ.”

“ನೀವು ಹೀಗೆಲ್ಲ ಓಡಾಡಬಾರದಿತ್ತು. ಮನೆಗೆ ಹೋಗಿ ಬೆಚ್ಚಗೆ ಮಲಗಿ. ನಾವೇ ಕಳಿಸ್ತೀವಿ.”

ಅರ್ಜಿ ಕೊಟ್ಟವನಿಗೆ ಮಲಗು ಎಂದು ಹೇಳುವ ಕಚೇರಿಯನ್ನು ಸಿದ್ದಬಸಪ್ಪನವರು ಜೀವಮಾನದಲ್ಲಿ ಕಂಡಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಸರ್ಕಾರದ ಬಗ್ಗೆ ಒಳ್ಳೆಯ ಯೋಚನೆಗಳನ್ನೇ ಮಾಡಿದರು.

ಮೂರನೆಯ ದಿನ ಬೆಳಿಗ್ಗೆ, ಮಂಜಿನೊಳಗಿನಿಂದ ಗುಲಾಬಿ ಸೀರೆಯೊಂದು ಮೂಡಿ ಬಂತು. ಅದರೊಳಗೆ ಊರಿನ ಆಶಾ ಕಾರ್ಯಕರ್ತೆ ರಮ್ಯ ಇದ್ದಳು. ಮಹಾದೇವಮ್ಮ ನೀರು ತರಲು ಹೋಗಿದ್ದರು. ರಮ್ಯ ಮೂಗಿಗೆ ಮಾಸ್ಕ್ ಏರಿಸಿ, ಪುಸ್ತಕ ತೆರೆದು, ಜಗಲಿಯ ತುದಿಯಲ್ಲಿ ಕೂತಳು.

“ಸಿದ್ದಬಸಪ್ಪಣ್ಣ, ಚಳಿ ವಿಷಯಕ್ಕೆ ಬಂದಿದೀನಿ.”

“ಮೆಲ್ಲಗಮ್ಮ, ಮೆಲ್ಲಗೆ! ಊರಿಗೆ ಗೊತ್ತಾಗೋದು ಬೇಡ.”

“ಮುಚ್ಚಿಟ್ಟುಕೊಳ್ಳೋಂಥದ್ದು ಏನಿಲ್ಲ ಅಣ್ಣ. ಯಾರಿಗೆ ಬೇಕಾದರೂ ಬರುತ್ತೆ.”

“ಎಲ್ಲರಿಗೂ ಬರುತ್ತಾ?”

“ಒಬ್ಬರಿಗೆ ಬಂದಮೇಲೆ ಅಕ್ಕಪಕ್ಕದವರಿಗೂ ಬಂದೇ ಬರುತ್ತೆ. ಅದಕ್ಕೇ ನಾವು ಹುಷಾರಾಗಿರೋದು.”

ತನ್ನಿಂದ ಊರಿಗೇ ಉಪಕಾರವಾಗುವುದೆಂದು ಸಿದ್ದಬಸಪ್ಪನವರ ಎದೆ ತುಂಬಿತು.

“ಎಷ್ಟು ದಿನದಿಂದ ಚಳಿ?”

“ದಿನ ಏನಮ್ಮ, ಈ ಮನೆ ಕಟ್ಟಿದಾಗಿಂದ.”

ರಮ್ಯ ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. ಇಷ್ಟು ವರ್ಷದ ಚಳಿಜ್ವರವನ್ನು ಮೈಯಲ್ಲಿಟ್ಟುಕೊಂಡು ಶುಂಠಿ ತೂಗಿದ ಮನುಷ್ಯ! ಅವಳ ದನಿ ಮೃದುವಾಯಿತು. “ಬೆರಳು ಕೊಡಿ ಅಣ್ಣ. ರಕ್ತ ತಗೋಬೇಕು.”

ಸಿದ್ದಬಸಪ್ಪನವರು ಧಾರಾಳವಾಗಿ ಹತ್ತು ಬೆರಳನ್ನೂ ಚಾಚಿದರು. ಮೊದಲಾದರೆ ಸರ್ಕಾರ ಬೆರಳಿನ ಗುರುತಷ್ಟೇ ಕೇಳುತ್ತಿತ್ತು. ಈಗ ಮೋಸಗಾರರು ಹೆಚ್ಚಾದದ್ದರಿಂದ ಒಳಗಿನದನ್ನೂ ನೋಡುತ್ತಾರೆ. ರಕ್ತ ಎಷ್ಟು ತಣ್ಣಗಿದೆಯೆಂದು ಅಳೆದು, ಅದರ ಪ್ರಕಾರ ಪರಿಹಾರ ನಿಗದಿ ಮಾಡುತ್ತಾರೆ. ಎಷ್ಟು ಶಾಸ್ತ್ರೀಯವಾದ ವ್ಯವಸ್ಥೆ! ರಮ್ಯ ಒಂದು ಹನಿಯನ್ನು ಗಾಜಿನ ಪಟ್ಟಿಗೆ ಹಚ್ಚಿಕೊಂಡು, ಚೀಲದಿಂದ ಹೊಸ ಸೊಳ್ಳೆಪರದೆಯೊಂದನ್ನು ತೆಗೆದುಕೊಟ್ಟಳು. “ಸದ್ಯಕ್ಕೆ ಇದರೊಳಗೆ ಮಲಗಿ. ಉಳಿದದ್ದು ರಿಪೋರ್ಟ್ ಬಂದಮೇಲೆ.”

“ಇದು ಮೊದಲನೇ ಕಂತು ಅನ್ನು,” ಎಂದು ಸಿದ್ದಬಸಪ್ಪನವರು ಪರದೆಯನ್ನು ಕಣ್ಣಿಗೊತ್ತಿಕೊಂಡರು.

ಗುಟ್ಟನ್ನು ಅವರು ಒಂದು ಗಂಟೆಯ ಕಾಲ ಉಳಿಸಿಕೊಂಡರು. ಅವರ ಮಟ್ಟಿಗೆ ಅದು ದೊಡ್ಡದೇ. ಒಂಬತ್ತಕ್ಕೆ ಬೇಲಿಯಾಚೆ ಸಣ್ಣಸ್ವಾಮಿ ಹಸುವಿಗೆ ಹುಲ್ಲು ಹಾಕುತ್ತಿದ್ದುದು ಕಂಡಿತು. ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು. ಊರಿನ ಸುದ್ದಿಯೆಲ್ಲ ಮೊದಲು ಅವನ ಹಸುವಿಗೆ, ಆಮೇಲೆ ಅವನ ಹೆಂಡತಿ ಕಾಮಾಕ್ಷಮ್ಮನಿಗೆ, ಅಲ್ಲಿಂದ ಎಲ್ಲರಿಗೂ ತಿಳಿಯುತ್ತಿತ್ತು.

“ಸಣ್ಣಸ್ವಾಮಿ, ನನಗೆ ಬಂತಪ್ಪ.”

“ಏನ್ ಬಂತಣ್ಣ?”

“ಚಳೀದು. ರಕ್ತನೂ ತಗೊಂಡು ಹೋದರು.”

ಸಣ್ಣಸ್ವಾಮಿಯ ಕೈಯಿಂದ ಹುಲ್ಲು ಜಾರಿತು. “ಅಯ್ಯೋ ಶಿವನೇ. ಯಾವಾಗಣ್ಣ?”

“ಇವತ್ತು ಬೆಳಿಗ್ಗೆ. ನೀನೇನೂ ಚಿಂತೆ ಮಾಡ್ಬೇಡ. ಮೊದಲು ನನಗೆ, ಆಮೇಲೆ ನಿನಗೆ, ಸಂಕ್ರಾಂತಿಯೊಳಗೆ ಇಡೀ ಊರಿಗೇ ಬರುತ್ತೆ. ನಾನೇ ಮುಂದೆ ನಿಂತು ಎಲ್ಲರಿಗೂ ಬರೋ ಹಾಗೆ ಮಾಡ್ತೀನಿ.”

“ಬ್ಯಾಡ ಕಣಣ್ಣ! ನಮ್ಗೆ ಬ್ಯಾಡ!”

“ಸಂಕೋಚ ಯಾಕೋ? ಹತ್ತಿರ ಬಾ, ಹೇಗೆ ಬರಿಸಿಕೊಳ್ಳೋದು ಅಂತ ಹೇಳಿಕೊಡ್ತೀನಿ.”

ಸಣ್ಣಸ್ವಾಮಿ ಹತ್ತಿರ ಬರಲಿಲ್ಲ. ಹಗ್ಗ ಬಿಚ್ಚಿ ಹಸುವನ್ನು ಎಳೆದುಕೊಂಡು ಓಡಿದ. ಬೇರೆಯವರ ಪರಿಹಾರಕ್ಕೆ ಆಸೆಪಡದ ಈ ಬಡವನ ಸ್ವಾಭಿಮಾನ ಕಂಡು ಸಿದ್ದಬಸಪ್ಪನವರ ಕಣ್ಣು ತೇವವಾಯಿತು.

ಮಧ್ಯಾಹ್ನಕ್ಕೆ ಹಾಲಿನ ಪಾತ್ರೆ ಜಗಲಿಗೆ ಬರದೆ ಬೇಲಿಯ ಗೂಟದ ಮೇಲೆ ಕೂತಿತ್ತು. ಮಂಡಿಯಿಂದ ಫೋನ್ ಬಂತು: “ಸಿದ್ದಬಸಪ್ಪಾರೆ, ಒಂದು ವಾರ ರಜ ತಗೊಳ್ಳಿ. ಶುಂಠಿ ನಾವೇ ತೂಗ್ಕೋತೀವಿ.” ಮರುದಿನ ಪ್ರಸಾದ್ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಎಳನೀರು ಹಿಡಿದು ಬಂದು, ಗೇಟಿನಲ್ಲೇ ನಿಂತು ಹೇಳಿದ: “ಭಾವ, ನನ್ನಿಂದಲೇ ಆಗಿದ್ದು. ಮೊನ್ನೆ ಬಂದಾಗ ಕಿಟಕಿ ತೆಗೆದವನು ನಾನೇ.”

“ಮಾರಾಯ, ನಿನ್ನಿಂದಲೇ ಬಂದಿದ್ದು! ನಿನ್ನ ಉಪಕಾರ ಮರೆಯೋದಿಲ್ಲ,” ಎಂದು ಸಿದ್ದಬಸಪ್ಪನವರು ಅಪ್ಪಿಕೊಳ್ಳಲು ಹೋದರು. ಪ್ರಸಾದ್ ಎಳನೀರನ್ನು ನಡುವೆ ಅಡ್ಡ ಹಿಡಿದ. ಭಾವನಿಗೆ ತಲೆಗೂ ಏರಿದೆಯೆಂದು ಅವನು ಅಕ್ಕನಿಗೆ ಕಣ್ಣಲ್ಲೇ ಸನ್ನೆ ಮಾಡಿದ.

ಮಹಾದೇವಮ್ಮನವರಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಗಂಡನನ್ನು ಕೇಳಿದರೆ, “ಎಲ್ಲಾ ನಿನಗಾಗಿ ಮಾದೇವಿ. ರಿಪೋರ್ಟ್ ಬರಲಿ,” ಎಂದು ಪರದೆಯೊಳಗೆ ಸರಿದು ಕಣ್ಣು ಮುಚ್ಚುತ್ತಿದ್ದರು. ಆಕೆಯ ಕಣ್ಣಿಗೆ ಕಂಡದ್ದು ಇಷ್ಟೇ: ಸಂಕ್ರಾಂತಿಗೆಂದು ಹದಿನಾಲ್ಕು ರವಿಕೆಯ ಬಟ್ಟೆ ಬಂದು ಕೂತಿತ್ತು; ಕೊಟ್ಟವರೇ ಒಬ್ಬೊಬ್ಬರಾಗಿ ಬಂದು, ಬೇಲಿಯಾಚೆಯಿಂದ ಕೋಲು ಚಾಚಿ, ಅದರ ತುದಿಗೆ ಸಿಕ್ಕಿಸಿಕೊಂಡು ವಾಪಸು ಒಯ್ಯುತ್ತಿದ್ದರು. ಕೊನೆಗೆ ಕಾಮಾಕ್ಷಮ್ಮನೂ ಬಂದಳು. “ಬೇಜಾರ್ ಮಾಡ್ಕೋಬ್ಯಾಡಕ್ಕ. ಈ ಸಲ ಹಳೇದೇ ತೊಟ್ಕೋತೀನಿ,” ಎಂದು ಕೋಲು ಚಾಚಿದಳು. ಆ ರವಿಕೆಯ ತೋಳುಗಳೆರಡನ್ನೂ ಹೊಲಿದಾಗಿತ್ತು. ಮಹಾದೇವಮ್ಮ ನೆಟ್ಟಗಾಗದ ಬೆರಳಿನಿಂದ ಅದನ್ನು ಮಡಚಿ, ಕೋಲಿಗೆ ಸಿಕ್ಕಿಸಿ, ಒಳಗೆ ಬಂದು ಹೊಲಿಗೆ ಮಿಷಿನ್ನಿನ ಮೇಲೆ ಟವೆಲು ಹೊದಿಸಿದರು. ಇಪ್ಪತ್ತು ವರ್ಷದಲ್ಲಿ ಸಂಕ್ರಾಂತಿಯ ವಾರ ಆ ಮಿಷಿನ್ನು ಸುಮ್ಮನಿದ್ದದ್ದು ಅದೇ ಮೊದಲು.

ಐದನೆಯ ದಿನ ಬೆಳಿಗ್ಗೆ ಸೊಳ್ಳೆಗೆ ಹೊಗೆ ಹೊಡೆಯುವವರು ಬಂದರು. ಬೆನ್ನಿಗೆ ಮಿಷಿನ್ನು, ಕೈಯಲ್ಲಿ ಉದ್ದನೆಯ ಕೊಳವೆ. ಮಹಾದೇವಮ್ಮನನ್ನು ಹೊರಗೆ ಕಳಿಸಿ, ಸಿದ್ದಬಸಪ್ಪನವರನ್ನು ಕರೆದರೆ ಅವರು ಪರದೆಯೊಳಗೆ ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಿ ಜಗಲಿಗೆ ತರುವಷ್ಟರಲ್ಲಿ ಕೊಳವೆ ಬುಸುಗುಟ್ಟಿ, ಬೆಳ್ಳಗಿನ ಹೊಗೆ ನಡುಮನೆ, ಅಡಿಗೆಮನೆ, ಅಟ್ಟ ಎಲ್ಲವನ್ನೂ ತುಂಬಿ, ಶೀಟಿನ ಸಂದಿಯಿಂದ ಹೊರಬಂದು ಹಿನ್ನೀರಿನ ಮಂಜಿನೊಂದಿಗೆ ಸೇರಿಕೊಂಡಿತು. ಯಾವುದು ಮಂಜು, ಯಾವುದು ಹೊಗೆ ಗೊತ್ತಾಗಲಿಲ್ಲ. ಮನೆ ಕಾಣಲಿಲ್ಲ, ಬೇಲಿ ಕಾಣಲಿಲ್ಲ. ಅರೆ ಎಚ್ಚರದ ಸಿದ್ದಬಸಪ್ಪನವರಿಗೆ ಕೊಳವೆಯ ಬಾಯಿಂದ ಮುಖಕ್ಕೆ ಬೆಚ್ಚನೆಯ ಗಾಳಿ ತಾಗಿತು. ಕೊನೆಗೂ ಬೆಂಗಳೂರಿನಿಂದ ಹಬೆ ಬಂದು ತಲುಪಿತೆಂದುಕೊಂಡರು.

“ಮಾದೇವಿ,” ಎಂದು ಹೊಗೆಯೊಳಗೆ ಕೈ ಚಾಚಿದರು. “ನೋಡು, ಮನೆಯೆಲ್ಲ ಬಿಸಿ ಮಾಡ್ತಿದಾರೆ.”

“ಸುಮ್ನಿರಿ, ಕೆಮ್ಮು ಬರ್ತದೆ,” ಎಂದಿತು ಹೊಗೆ, ಕೊಳವೆ ಹಿಡಿದವನ ದನಿಯಲ್ಲಿ.

ಅದೇ ಮಧ್ಯಾಹ್ನ ಜೀಪು ಬಂದು ನಿಂತಿತು. ಡಾಕ್ಟರು ದಿವ್ಯಶ್ರೀ ಇಳಿದರು, ಹಿಂದೆ ರಮ್ಯ. ಡಾಕ್ಟರು ಚಿಕ್ಕ ವಯಸ್ಸಿನ, ಚುರುಕಾದ ಹೆಣ್ಣುಮಗಳು. ಜೀಪು ಕಂಡದ್ದೇ ತಡ, ಊರು ಬೇಲಿಯಾಚೆ ಸಾಲುಗಟ್ಟಿ ನಿಂತಿತು. ಎಲ್ಲರ ಮೂಗಿಗೂ ಸೆರಗು, ಟವೆಲು. ಸಿದ್ದಬಸಪ್ಪನವರು ಬಿಳಿ ಶರ್ಟು ತೊಟ್ಟು, ವಿಭೂತಿ ಇಟ್ಟು, ಮಂಜೂರಾತಿ ಪಡೆಯಲು ಸಿದ್ಧರಾಗಿ ಜಗಲಿಯಲ್ಲಿ ನಿಂತಿದ್ದರು.

“ಯಜಮಾನ್ರೇ, ರಿಪೋರ್ಟ್ ಬಂದಿದೆ,” ಎಂದರು ಡಾಕ್ಟರು. “ನಿಮ್ಮ ರಕ್ತದಲ್ಲಿ ಏನೂ ಇಲ್ಲ.”

ಸಿದ್ದಬಸಪ್ಪನವರ ಮುಖ ಬಾಡಿತು. “ಏನೂ ಇಲ್ವಾ ಮೇಡಂ? ಸ್ವಲ್ಪನೂ?”

“ಒಂದಿಷ್ಟೂ ಇಲ್ಲ. ಸಂತೋಷಪಡಿ.”

“ಸಂತೋಷ ಹೇಗೆ ಪಡ್ಲಿ? ಇನ್ನೊಂದ್ಸಲ ನೋಡಿ. ಅವತ್ತು ಬಿಸಿ ಕಾಫಿ ಕುಡಿದಿದ್ದೆ, ಅದಕ್ಕೇ ಸರಿಯಾಗಿ ಬಂದಿಲ್ಲ. ಈ ಕೈಯದು ತಗೊಳ್ಳಿ.”

“ಬೇಕಾಗಿಲ್ಲ ಯಜಮಾನ್ರೇ.”

“ಹೋಗಲಿ, ಸಣ್ಣಸ್ವಾಮಿಗಾದ್ರೂ ಬರೋ ಹಾಗೆ ಮಾಡಿ. ನಾನು ಮಾತು ಕೊಟ್ಟಿದೀನಿ.”

“ನಾನೇನ್ ಪಾಪ ಮಾಡಿದ್ದೆ ನಿಂಗೆ!” ಎಂದು ಬೇಲಿಯಾಚೆಯಿಂದ ಸಣ್ಣಸ್ವಾಮಿ ಕೂಗಿಕೊಂಡ.

ಡಾಕ್ಟರಿಗೆ ಏನೋ ಅನುಮಾನ ಬಂತು. “ನಿಮಗೆ ಯಾವತ್ತಾದರೂ ಜ್ವರ ಬಂದಿತ್ತಾ?”

“ಜ್ವರವಾ? ನನಗೆ ಯಾಕೆ ಜ್ವರ ಬರುತ್ತೆ? ಗುಂಡುಕಲ್ಲಿನ ಹಾಗಿದೀನಿ.”

ರಮ್ಯ ತಲೆಯ ಮೇಲೆ ಕೈ ಹೊತ್ತಳು. ಡಾಕ್ಟರು ಫೈಲಿನಿಂದ ಅರ್ಜಿ ತೆಗೆದು, ಊರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು. ಚಳಿ ಹಿಡಿದದ್ದು, ಮೈ ನಡುಗಿದ್ದು, ಕಾವು ಏರಿದ್ದು, ಬೆವರು ಸುರಿದದ್ದು, ಪುನಃ ಚಳಿ. ‘ಹೇಳಿಕೊಳ್ಳಲು ಸಂಕೋಚಪಡುತ್ತಿದ್ದಾರೆ’ ಎಂಬಲ್ಲಿಗೆ ಬಂದಾಗ ಬೇಲಿಯಾಚೆ ಎಲ್ಲರೂ ಒಬ್ಬರಿಂದೊಬ್ಬರು ಎರಡು ಹೆಜ್ಜೆ ದೂರ ಸರಿದರು.

“ಇದು ಮಲೇರಿಯಾ ಅಲ್ಲದಿದ್ದರೆ ಮತ್ತೇನು ಯಜಮಾನ್ರೇ? ನಿಮಗೆ ನಿಜವಾಗಿ ಏನು ಬೇಕಿತ್ತು?”

ಸಿದ್ದಬಸಪ್ಪನವರು ಶೀಟಿನ ಕಡೆ ನೋಡಿದರು, ಹಿನ್ನೀರಿನ ಕಡೆ ನೋಡಿದರು. ಜೀವಮಾನವೆಲ್ಲ ಅವರನ್ನು ಕಾಪಾಡಿದ ಮಂಜು ಆ ಹೊತ್ತಿಗೆ ಸರಿಯಾಗಿ ಕರಗಿ, ಬಿಸಿಲು ಬಿದ್ದು, ಊರಿನ ಒಂದೊಂದು ಮುಖವೂ ಸ್ಪಷ್ಟವಾಗಿ ಕಾಣುತ್ತಿತ್ತು. ಬಾಗಿಲ ಹತ್ತಿರ ಹೆಂಡತಿ ನಿಂತಿದ್ದರು. ಆಕೆ ಬೈಯಲಿಲ್ಲ. “ಇಷ್ಟಕ್ಕೆ ನನ್ನ ಬಟ್ಟೆಗಳೆಲ್ಲ ಹೋದವಾ?” ಎಂದಷ್ಟೇ ಕೇಳಿದರು. ಆಗ ಸಿದ್ದಬಸಪ್ಪನವರ ಕಣ್ಣಿಗೆ ಮೊದಲ ಸಲ ಟವೆಲು ಹೊದ್ದು ಕೂತ ಮಿಷಿನ್ನು ಬಿತ್ತು. ಎರಡು ದಿನದಿಂದ ಅದರ ಮುಂದೆಯೇ ಮಲಗಿದ್ದರು.

“ಕರೆಂಟು,” ಎಂದರು ಮೆಲ್ಲಗೆ.

“ಏನು?”

“ಬಿಟ್ಟಿ ಕರೆಂಟು ಮೇಡಂ!” ದನಿ ಇದ್ದಕ್ಕಿದ್ದಂತೆ ಬೇಲಿ ದಾಟುವಷ್ಟು ದೊಡ್ಡದಾಯಿತು. “ಎಲ್ಲರಿಗೂ ಕೊಡ್ತಾರಲ್ಲ, ಅದೇ. ಬೇಡ ಅಂತ ಹೋಟೆಲಲ್ಲಿ ಜಂಬ ಕೊಚ್ಚಿದ್ದೆ. ಈಗ ಬೇಕು. ಬೆಳಿಗ್ಗೆ ಎದ್ದರೆ ಇವಳ ಬೆರಳು ಮಡಚೋದಿಲ್ಲ. ಹೀಟರು ಹಾಕಿದ್ರೆ ಬಿಲ್ಲು ಕಟ್ಟೋಕಾಗಲ್ಲ. ಕೇಳೋಕೆ ನಾಚಿಕೆ ಆಯ್ತು. ಅದಕ್ಕೇ ಸುತ್ತಿ ಬಳಸಿ ಬರೆದೆ. ನನಗೆ ಕಾಯಿಲೆ ಇಲ್ಲ. ಇವಳಿಗೂ ಇಲ್ಲ. ಬಟ್ಟೆ ವಾಪಸ್ ತಂದುಕೊಡ್ರಪ್ಪ!”

ಸಣ್ಣಸ್ವಾಮಿ ಮೂಗಿನ ಟವೆಲು ತೆಗೆದ. “ಇಷ್ಟೇಯಾ? ಇಷ್ಟಕ್ಕೆ ನನ್ ಹಸುನ ಮೂರ್ ದಿನ ನನ್ ಭಾವನ ಮನೇಲಿ ಕಟ್ಸಿದ್ಯಲ್ಲಣ್ಣ!” ಎಂದ. ಯಾರೋ ಕಿಸಕ್ಕೆಂದರು. ಕಾಮಾಕ್ಷಮ್ಮ ನಕ್ಕಳು. ಡಾಕ್ಟರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು; ಅದರ ಹಿಂದೆ ಅವರ ಭುಜ ಕುಣಿಯುತ್ತಿತ್ತು.

ನಗು ನಿಂತಮೇಲೆ ಡಾಕ್ಟರು ಮಹಾದೇವಮ್ಮನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು. “ಅಮ್ಮಾ, ಇದು ಬರೀ ಚಳಿಯ ಕೆಲಸ ಅಲ್ಲ. ಗಂಟು ಬಾವು ಇದೆ. ಸೋಮವಾರ ಆಸ್ಪತ್ರೆಗೆ ಬನ್ನಿ, ಪರೀಕ್ಷೆ ಮಾಡಿಸೋಣ. ಅಲ್ಲೀವರೆಗೆ ಕೈ ಬೆಚ್ಚಗಿರಲಿ.” ಹೀಗೆ, ಕೇಳಲು ಬಂದದ್ದೊಂದಾದರೂ, ಕಾಣಬೇಕಾದದ್ದು ಕಂಡಿತು. ಆ ತಪ್ಪು ಅರ್ಜಿಯಿಂದ ಆದ ಒಂದೇ ಒಂದು ಸರಿಯಾದ ಕೆಲಸವಿದು.

ರಮ್ಯ ಜಗಲಿಯಲ್ಲೇ ಕೂತು ಮೊಬೈಲಿನಲ್ಲಿ ಗೃಹಜ್ಯೋತಿಗೆ ಅವರ ಹೆಸರು ನೋಂದಾಯಿಸಿದಳು. ಹಳೆಯ ಬಿಲ್ಲಿನ ನಂಬರು, ಆಧಾರ್ ನಂಬರು, ಆಮೇಲೊಂದು ಓಟಿಪಿ. ಏಳು ನಿಮಿಷ ಹಿಡಿಯಿತು. ಎರಡೂವರೆ ವರ್ಷದ ಮಾನ ಮರ್ಯಾದೆಗೆ ಏಳು ನಿಮಿಷ ಹೆಚ್ಚೇನಲ್ಲವೆಂದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಒಂದೊಂದೇ ರವಿಕೆಯ ಬಟ್ಟೆ ಮಹಾದೇವಮ್ಮನ ಕೈಗೆ ವಾಪಸು ಬಂತು. ಕೋಲಿನ ತುದಿಯಲ್ಲಲ್ಲ, ಕೈಯಿಂದ ಕೈಗೆ. ಕಾಮಾಕ್ಷಮ್ಮ ತನ್ನದನ್ನು ಕೊಡುತ್ತ, “ಕುತ್ತಿಗೆ ವಸಿ ಅಗಲ ಇಡಕ್ಕ,” ಎಂದಳು. ಕ್ಷಮೆ ಕೇಳುವ ಅವಳ ರೀತಿ ಅದು.

ಆ ವಾರವೆಲ್ಲ ಹೀಟರು ಬಿಲ್ಲಿನ ಮೇಲೆಯೇ ಉರಿಯಿತು. ಬಿಲ್ಲನ್ನು ಸಿದ್ದಬಸಪ್ಪನವರು ಗೊಣಗದೆ ಕಟ್ಟಿದರು. ಹದಿನಾಲ್ಕೂ ರವಿಕೆ ಹಬ್ಬಕ್ಕೆ ಮೈಸೇರಿದವು. ಆಸ್ಪತ್ರೆಯ ಮಾತ್ರೆಗಳು ಶುರುವಾದವು.

ಮುಂದಿನ ತಿಂಗಳು ಮೀಟರು ಓದುವವನು ಬಂದು ಸೊನ್ನೆ ಬರೆದ ಚೀಟಿ ಕೊಟ್ಟು ಹೋದ. ಸರ್ಕಾರವೇನೂ ಸಮುದ್ರ ಕೊಟ್ಟಿರಲಿಲ್ಲ. ಹಿಂದೆ ಉರಿಸಿದ್ದರ ಸರಾಸರಿ ನೋಡಿ ಅಷ್ಟಕ್ಕೇ ಗೆರೆ ಎಳೆದಿದ್ದರು. ಕತ್ತಲಲ್ಲಿ ಕೂತು ಉಳಿಸಿದವರಿಗೆ ಗೆರೆಯೂ ಗಿಡ್ಡ. ಆದರೂ ಬೇಸಿಗೆಯಲ್ಲಿ ತಿರುಗಿದ ಫ್ಯಾನು ಆ ಸರಾಸರಿಗೆ ಸೇರಿಕೊಂಡಿತ್ತಾದ್ದರಿಂದ, ಫ್ಯಾನು ಬೇಡದ ಚಳಿಗಾಲದಲ್ಲಿ ದಿನಕ್ಕೊಂದು ಗಂಟೆ ಹೀಟರಿಗೆ ಮಿಗುತ್ತಿತ್ತು. ಚೈತ್ರದ ಸೆಕೆ ಮಾಘದ ಚಳಿಗೆ ಕಡ ಕೊಟ್ಟ ಹಾಗೆ.

ಆ ಒಂದು ಗಂಟೆಯನ್ನು ಮಹಾದೇವಮ್ಮ ಬೆಳಿಗ್ಗೆ ಏಳರಿಂದ ಎಂಟಕ್ಕೆ ಇಟ್ಟುಕೊಂಡರು. ಹೀಟರಿನ ಕೆಂಪು ಸರಳು ನಿಧಾನವಾಗಿ ಹೊಳೆಯತೊಡಗುತ್ತದೆ. ಅದರ ಮುಂದೆ ಕೈ ಚಾಚಿ, ಬೆರಳುಗಳು ಒಂದೊಂದಾಗಿ ಸಡಿಲವಾಗುವುದನ್ನು ಕಾದು, ಆಮೇಲೆ ಮಿಷಿನ್ನಿಗೆ ಕೂರುತ್ತಾರೆ. ಕಾಮಾಕ್ಷಮ್ಮ ಹೂ ಕಟ್ಟುವ ನೆಪದಲ್ಲಿ ಬರುತ್ತಾಳೆ. ಸಣ್ಣಸ್ವಾಮಿ ಯಾವ ನೆಪವೂ ಇಲ್ಲದೆ ಬರುತ್ತಾನೆ.

ಮೊನ್ನೆ ಅಂಥದೊಂದು ಬೆಳಿಗ್ಗೆ, ಮಹಾದೇವಮ್ಮ ಹೊಸದೊಂದು ದಪ್ಪ ಬಟ್ಟೆಯನ್ನು ಮಡಿಲಲ್ಲಿ ಬಿಡಿಸಿ, “ರೀ, ಏಳಿ. ನಿಮಗೊಂದು ತುಂಬುತೋಳಿನ ಅಂಗಿ ಹೊಲಿಯೋಣ ಅಂತ. ಅಳತೆ ಬೇಕು,” ಎಂದರು. ಸಿದ್ದಬಸಪ್ಪನವರು ಸರ್ಕಾರದ ಬೆಳಕಿನಲ್ಲಿ, ಬಾಯಿ ತುಸು ತೆರೆದು, ತಮ್ಮ ಮಂಜಿನ ಪ್ರದೇಶಕ್ಕೆ ಹೊರಟುಹೋಗಿದ್ದರು. ಮಹಾದೇವಮ್ಮ ಎಬ್ಬಿಸಲಿಲ್ಲ. ಟೇಪು ತೆಗೆದು, ಮಲಗಿದ ಗಂಡನ ಭುಜದಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ ಮೆಲ್ಲಗೆ ಅಳೆದರು. ಬೆರಳುಗಳು ಎಲ್ಲಿಯೂ ತಡೆಯಲಿಲ್ಲ. ಕಾಮಾಕ್ಷಮ್ಮ ಪೆನ್ಸಿಲು ಹಿಡಿದು ಅಂಕಿ ಬರೆದುಕೊಂಡಳು.